ಗೋಡೆಯ ಒದ್ದೆ ಎಲ್ಲಿಂದ? ಪೇಂಟರ್ ಕರೆಸುವ ಮುಂಚೆ ಮಾಡುವ ಪರೀಕ್ಷೆಗಳು

ಮೈಸೂರಿನ ನಮ್ಮ ಮನೆಯಲ್ಲಿ, ಕ್ಯಾಲೆಂಡರ್ ತೂಗುಹಾಕಿದ್ದ ಗೋಡೆಯ ಮೇಲೆ ಒಂದು ಕಲೆ ಬಂತು. ಎದೆಯ ಎತ್ತರದಲ್ಲಿ, ಊಟದ ತಟ್ಟೆಯಷ್ಟು. ಅದು ದಸರೆಯ ಸಮಯ. ಮಳೆಯೂ ಜೋರಾಗಿತ್ತು. ಮೇಸ್ತ್ರಿ ಬಂದು ಕಲೆ ನೋಡಿದರು, ತಲೆ ಎತ್ತಿ ಮೇಲೆ ನೋಡಿದರು, "ತಾರಸಿ ಸೋರ್ತಿದೆ ಸಾರ್, ಬೇರೇನಿಲ್ಲ" ಅಂದರು. ಒಂದೇ ಅಂತಸ್ತಿನ ಮನೆ. ಮಳೆ ಬರುತ್ತಿದೆ, ಗೋಡೆ ನೆನೆದಿದೆ. ನಂಬದೇ ಇರಲು ಕಾರಣವೇ ಇರಲಿಲ್ಲ. 38 ಸಾವಿರ ಕೊಟ್ಟು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಕೆಲವು ವಾರಗಳಲ್ಲಿ ಕಲೆ ಒಣಗಿತು. ಪುಟ್ಟಿ ಬಳಿಸಿ ಬಣ್ಣ ಹೊಡೆಸಿದ್ದೂ ಆಯಿತು.

ಏಪ್ರಿಲ್ ಮೊದಲ ವಾರ. ಅಕ್ಕನ ಮಕ್ಕಳು ಬೇಸಿಗೆ ರಜೆಗೆ ಬಂದಿದ್ದರು. ಅಮ್ಮ ಕ್ಯಾಲೆಂಡರ್ ಹಾಳೆ ತಿರುವಲು ಹೋದರೆ ಹಿಂದಿನ ರಟ್ಟು ಮೆತ್ತಗಾಗಿತ್ತು. ಗೋಡೆಗೆ ಕೈ ಇಟ್ಟು ನೋಡಿ ನನ್ನನ್ನು ಕರೆದರು: "ಮಳೆ ಬಂದು ಎಷ್ಟು ತಿಂಗಳಾಯ್ತೋ? ಇದ್ಯಾಕೆ ಇಷ್ಟು ತಣ್ಣಗಿದೆ?"

ಈ ಪ್ರಶ್ನೆಯನ್ನು ದಸರೆಯಲ್ಲೇ ಕೇಳಿದ್ದರೆ ಅಷ್ಟೂ ದುಡ್ಡು ಉಳಿಯುತ್ತಿತ್ತು. ಆ ಕಲೆಯ ಕಥೆ ಎಲ್ಲಿಗೆ ಮುಟ್ಟಿತು ಅಂತ ಕೆಳಗೆ ಹೇಳುತ್ತೇನೆ. ಅದರಿಂದಲೇ ನಾನು ಈ ಹುಚ್ಚಿಗೆ ಬಿದ್ದಿದ್ದು. ಈಗ ಬೇರೆಯವರ ಮನೆ ನೋಡಲು ಹೋದಾಗಲೂ ನನ್ನ ಮೊದಲ ಪ್ರಶ್ನೆ ಅದೇ: ಯಾವಾಗ ಒದ್ದೆಯಾಗುತ್ತದೆ? ಎಲ್ಲಿ ಒದ್ದೆಯಾಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ, ಆದರೆ ಅದು ಮೋಸ ಮಾಡುವುದೇ ಜಾಸ್ತಿ. ನೀರು ಒಂದು ಕಡೆ ಒಳಗೆ ಹೋಗಿ, ಸ್ಲ್ಯಾಬ್ ಒಳಗಿನ ವೈರಿಂಗ್ ಪೈಪ್ ಹಿಡಿದು ಹತ್ತು ಅಡಿ ಓಡಿ, ಹಾಲ್‌ನ ಫ್ಯಾನ್ ಹುಕ್ಕಿನಲ್ಲಿ ತೊಟ್ಟಿಕ್ಕುತ್ತದೆ. ಹೊತ್ತು ಮಾತ್ರ ಅಷ್ಟಾಗಿ ಮೋಸ ಮಾಡುವುದಿಲ್ಲ.

ಗೋಡೆಗೆ ನೀರು ಬರುವ ದಾರಿಗಳು ಐದು. ಮಳೆ, ನೆಲ, ನೀರು ತರುವ ಪೈಪು, ಬಳಸಿ ಚೆಲ್ಲಿದ ನೀರು, ಗಾಳಿಯ ತೇವ. ಒಂದೊಂದಕ್ಕೂ ಅದರದೇ ವೇಳಾಪಟ್ಟಿ ಇದೆ. ಮಳೆಯದ್ದಾದರೆ ಮಳೆ ಬಂದ ಕೆಲವು ಗಂಟೆಗೋ ಒಂದೆರಡು ದಿನಕ್ಕೋ ಕಲೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಹಳದಿ ಅಂಚು ಮಾತ್ರ ಉಳಿಯುತ್ತದೆ. ನೆಲದಿಂದ ಏರುವ ಥಂಡಿ ವರ್ಷವಿಡೀ ಅಲ್ಲೇ ಇರುತ್ತದೆ. ಪೈಪಿನದ್ದು ಹಗಲು ರಾತ್ರಿ ಅನ್ನದೆ ಒಂದೇ ಸಮನೆ ಬೆಳೆಯುತ್ತದೆ. ಸ್ನಾನದ ನೀರಿನದ್ದು ಸ್ನಾನ ಮಾಡಿದಾಗ ಮಾತ್ರ. ಗಾಳಿಯದ್ದು ಚಳಿಯ ಬೆಳಿಗ್ಗೆ, ಅಥವಾ ವಾರಗಟ್ಟಲೆ ಬಿಸಿಲೇ ಕಾಣದ ಮಳೆಗಾಲದಲ್ಲಿ.

ಮೊದಲು ಪೆನ್ಸಿಲ್

ಗೋಡೆ ಮುಟ್ಟುವ ಮುಂಚೆ ಒಂದು ಎಚ್ಚರಿಕೆ. ಒದ್ದೆ ಜಾಗದಲ್ಲಿ ಅಥವಾ ಅದರ ಹತ್ತಿರ ಸ್ವಿಚ್ ಬೋರ್ಡ್ ಇದ್ದರೆ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ. ಮಳೆ ಬಂದಾಗಲೆಲ್ಲ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಅದು ಸುಮ್ನೆ ತೊಂದರೆ ಕೊಡುತ್ತಿಲ್ಲ. ಎಲ್ಲೋ ಬೋರ್ಡಿನೊಳಗೆ ನೀರು ಸೇರಿದೆ ಅಂತ ಹೇಳುತ್ತಿದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದ್ದು, ಅಷ್ಟು ಸಣ್ಣ ಕರೆಂಟ್ ಸೋರಿಕೆಗೂ ಅದು ಬೀಳಲೇಬೇಕು. ಬೀಳುತ್ತದೆ ಅಂತ ಅದನ್ನೇ ತೆಗೆಸಿ ನೇರ ಕನೆಕ್ಷನ್ ಕೊಡಿಸಿದ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಒದ್ದೆಯ ಅಂಚಿನ ಸುತ್ತ ತೆಳ್ಳಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು, ಗಂಟೆ ಬರೆಯಿರಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ನೋಡಿ. ಅಂಚು ಸರಿದಿದ್ದರೆ ಹೊಸ ಗೆರೆ. ಮೊಬೈಲ್‌ನಲ್ಲಿ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಒಂದು ವಾರ ಹೀಗೆ ಮಾಡಿ, ಜೊತೆಗೆ ಆ ವಾರ ಏನೇನಾಯಿತು ಅಂತ ಬರೆದಿಡಿ: ಮಳೆ ಬಂತಾ, ಕಾವೇರಿ ನೀರು ಬಿಟ್ಟಿದ್ದು ಯಾವಾಗ, ಬಟ್ಟೆ ಒಗೆದದ್ದು, ನೆಂಟರು ಬಂದದ್ದು. ನಗಬೇಡಿ, ನಮ್ಮ ಮನೆಯಲ್ಲಿ ಕೊನೆಗೆ ಉತ್ತರ ಸಿಕ್ಕಿದ್ದು ನೆಂಟರಲ್ಲೇ.

ಬಣ್ಣ ನೋಡಿ ಒದ್ದೆ ಹೌದೋ ಅಲ್ಲವೋ ಹೇಳುವುದು ಕಷ್ಟ. ಅಂಗೈಗಿಂತ ಕೈಯ ಹಿಂಭಾಗಕ್ಕೆ ತಣ್ಪು ಚೆನ್ನಾಗಿ ಗೊತ್ತಾಗುತ್ತದೆ. ಒಣಗಿದ ಜಾಗಕ್ಕೂ ಕಲೆಗೂ ಇಟ್ಟು ಹೋಲಿಸಿ. ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆ ಬಿಟ್ಟಿದೆ ಅಂತ ಅರ್ಥ, ಅಷ್ಟನ್ನು ಹೇಗಿದ್ದರೂ ಕೆತ್ತಿ ತೆಗೆಯಬೇಕು. ಎರಡು ಮುಳ್ಳಿನ ತೇವ ಮೀಟರ್ ಇದ್ದರೆ ಒಳ್ಳೆಯದು. ಆದರೆ ಅದು ತೋರಿಸುವ ಶೇಕಡಾ ಲೆಕ್ಕವನ್ನು ನಂಬಬೇಡಿ. ಆ ಮೀಟರ್‌ಗಳ ಲೆಕ್ಕ ಮರಕ್ಕೆ ಹೊಂದಿಸಿದ್ದು. ಗೋಡೆಯಲ್ಲಿ ಉಪ್ಪು ಇದ್ದರಂತೂ ಒಣಗಿದ ಗೋಡೆಯೂ ಜಾಸ್ತಿ ತೋರಿಸುತ್ತದೆ. ಇಲ್ಲಿಗಿಂತ ಅಲ್ಲಿ ಜಾಸ್ತಿಯೋ ಕಡಿಮೆಯೋ ಅಂತ ಹೋಲಿಸಲು ಮಾತ್ರ ಅದು ಸಾಕು.

ಗಾಳಿಯ ತೇವವೋ, ಗೋಡೆಯೊಳಗಿನ ನೀರೋ?

ಇದನ್ನು ಮೊದಲೇ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಅಡಿ ಉದ್ದ, ಒಂದು ಅಡಿ ಅಗಲ ಕತ್ತರಿಸಿ. ಗೋಡೆಯ ಮೇಲ್ಮೈ ಒರೆಸಿ, ಫ್ಯಾನ್ ಹಾಕಿ ಸ್ವಲ್ಪ ಒಣಗಿಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಒಂದರಿಂದ ಎರಡು ದಿನ ಬಿಡಿ. ಆಮೇಲೆ ನೋಡಿ. ಕೋಣೆಯ ಕಡೆಯ ಮುಖದಲ್ಲಿ ಹನಿ ಇದ್ದರೆ ಅದು ಗಾಳಿಯ ತೇವ. ಟೇಪ್ ಬಿಚ್ಚಿದಾಗ ಗೋಡೆಯ ಕಡೆಯ ಮುಖ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಎರಡೂ ಕಡೆ ಇದ್ದರೆ ಎರಡೂ ಇದೆ, ಅದೇನೂ ಅಪರೂಪವಲ್ಲ.

ಗಾಳಿಯದ್ದೇ ಅಂತಾದರೆ ಹೆಚ್ಚು ಹೇಳುವುದಿಲ್ಲ. ಬೀರು ಹೊರಗೋಡೆಗೆ ಅಂಟಿಕೊಂಡಿರುತ್ತದೆ, ಅದರ ಹಿಂದೆ ಕಪ್ಪು ಚುಕ್ಕಿಯ ಬೂಷ್ಟು. ಅಥವಾ ಮಳೆಗಾಲದಲ್ಲಿ ಕೋಣೆಯೊಳಗೇ ಬಟ್ಟೆ ಒಣಹಾಕಿರುತ್ತಾರೆ. ಬೀರುವನ್ನು ಮೂರು ಇಂಚು ಮುಂದೆ ಎಳೆಯಿರಿ, ಎದುರು ಬದುರು ಎರಡು ಕಿಟಕಿ ದಿನಕ್ಕೆ ಒಂದೆರಡು ಗಂಟೆ ತೆಗೆಯಿರಿ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗೋಡೆ ಒಡೆಯುವ ಮಾತೇ ಇಲ್ಲ.

ಮಳೆಯ ಮೇಲೆ ಅನುಮಾನ ಇದ್ದರೆ

ತಾರಸಿಗೆ ಹೋಗಿ. ಬಿಸಿಲಲ್ಲಿ ಅಲ್ಲ, ಮಳೆ ನಿಂತ ಅರ್ಧ ಗಂಟೆಗೆ. ನೀರು ಎಲ್ಲಿ ನಿಂತಿದೆ ಅಂತ ಆಗ ಮಾತ್ರ ಕಾಣುತ್ತದೆ. ನೀರು ಹೊರಹೋಗುವ ಪೈಪಿನ ಬಾಯಿಯಲ್ಲಿ ಎಲೆ, ಪಾರಿವಾಳದ ಪುಕ್ಕ, ಮಕ್ಕಳ ಚೆಂಡು ಕೂತಿರುತ್ತದೆ. ಅದನ್ನು ತೆಗೆದಷ್ಟಕ್ಕೇ ಸೋರುವುದು ನಿಂತ ಮನೆಗಳಿವೆ.

ಸ್ಲ್ಯಾಬ್‌ನ ಮಧ್ಯಕ್ಕಿಂತ ಅಂಚುಗಳೇ ಜಾಸ್ತಿ ಸೋರುತ್ತವೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬ್‌ಗೆ ಕೂಡುವ ಮೂಲೆ ನೋಡಿ, ಅಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು. ಪ್ಯಾರಾಪೆಟ್ ತಲೆಯ ಮೇಲಿನ ಗಾರೆ ಸೀಳಿದೆಯಾ, ಅರಳಿ ಸಸಿ ಹುಟ್ಟಿದೆಯಾ? ಪೈಪುಗಳು ಸ್ಲ್ಯಾಬ್ ತೂರಿ ಹೋಗುವ ಜಾಗ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಸೋಲಾರ್ ಸ್ಟ್ಯಾಂಡಿನ ಕಾಲುಗಳನ್ನು ನೋಡಿ. ನಮ್ಮ ಕಡೆ ಮನೆಮನೆಗೂ ಸೋಲಾರ್ ನೀರು ಕಾಯಿಸುವ ಯಂತ್ರ ಇದೆ. ತಾರಸಿಗೆ ಚೆಂದವಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆ ಸೋಲಾರ್‌ನವರು ಬಂದು ಅದರ ಮೇಲೇ ಡ್ರಿಲ್ ಹಾಕಿ ಬೋಲ್ಟ್ ಬಿಗಿದು ಹೋಗಿರುತ್ತಾರೆ. ಡಿಶ್ ಆಂಟೆನಾದವರೂ ಅಷ್ಟೇ.

ಅನುಮಾನ ಖಚಿತ ಮಾಡಿಕೊಳ್ಳಲು ನೀರು ಕಟ್ಟಿ ನೋಡಬಹುದು. ನೀರು ಹೋಗುವ ಬಾಯಿ ಮುಚ್ಚಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡುವುದು. ಪಕ್ಕದಲ್ಲೇ ಒಂದು ಅಗಲ ಬಾಯಿಯ ಟಬ್‌ನಲ್ಲೂ ಒಂದು ಇಂಚು ನೀರು ಇಡಿ. ಬಿಸಿಲಿಗೆ ಎಷ್ಟು ಆರಿತು ಅಂತ ಟಬ್ ಹೇಳುತ್ತದೆ. ತಾರಸಿಯಲ್ಲಿ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಮಾತ್ರ ಅದು ಸೋರಿಕೆ. ಈ ಟಬ್ ಇಡದೆ "ಅರ್ಧ ಇಂಚು ಕುಡೀತು ಸಾರ್" ಅಂತ ಹೆದರಿಸುವವರು ಬಹಳ.

ಒಂದು ಲೆಕ್ಕ ನೆನಪಿಡಿ. ಒಂದು ಇಂಚು ನೀರು ಅಂದರೆ ಒಂದು ಚದರ ಮೀಟರ್‌ಗೆ 25 ಕಿಲೋ ಭಾರ. 1200 ಚದರ ಅಡಿ ತಾರಸಿ ಪೂರ್ತಿ ಕಟ್ಟಿದರೆ ಸುಮಾರು 2800 ಕಿಲೋ. ಗಟ್ಟಿ ಆರ್‌ಸಿಸಿ ಸ್ಲ್ಯಾಬ್ ತಡೆದುಕೊಳ್ಳುತ್ತದೆ, ಆದರೂ ಭಾಗ ಮಾಡಿ, ಜೇಡಿಮಣ್ಣಿನ ಸಣ್ಣ ಬದು ಹಾಕಿ, ಒಂದೊಂದೇ ಭಾಗ ಪರೀಕ್ಷಿಸಿ. ಆಗ ಯಾವ ಭಾಗ ಸೋರುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಹಳೆಯ ಮರದ ತೊಲೆಯ ಮದ್ರಾಸ್ ತಾರಸಿ, ಕಬ್ಬಿಣ ಕಾಣುತ್ತಿರುವ ಸ್ಲ್ಯಾಬ್ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ.

ಗೋಡೆಯ ಹೊರಮೈಗೆ ಪೈಪ್ ಹಿಡಿದು ನೀರು ಬಿಟ್ಟು ನೋಡುವುದಾದರೆ ಕೆಳಗಿನಿಂದ ಶುರು ಮಾಡಿ. ಮೊದಲು ಕಿಟಕಿಯ ಕೆಳಗೆ ಕಾಲು ಗಂಟೆ, ಆಮೇಲೆ ಕಿಟಕಿಯ ಚೌಕಟ್ಟಿಗೆ, ಆಮೇಲೆ ಕಿಟಕಿಯ ಮೇಲಿನ ಸಜ್ಜಾಕ್ಕೆ, ಕೊನೆಗೆ ಪ್ಯಾರಾಪೆಟ್‌ಗೆ. ಒಳಗೆ ಒಬ್ಬರು ನಿಂತು ನೋಡುತ್ತಿರಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಇಳಿದು ಎಲ್ಲವೂ ನೆನೆಯುತ್ತದೆ, ಯಾವುದು ಕಳ್ಳ ಅಂತ ಹೇಳುವುದು ಹೇಗೆ?

ಬೆಂಗಳೂರು, ಮೈಸೂರಿನ 30x40 ಸೈಟುಗಳಲ್ಲಿ ಇನ್ನೊಂದು ಕಾಯಿಲೆ ಇದೆ. ಎರಡು ಮನೆಯ ಮಧ್ಯೆ ಒಂದು ಗೇಣು ಸಂದಿ. ಅದರೊಳಗೆ ಮೇಸ್ತ್ರಿ ನಿಲ್ಲಲು ಆಗುವುದಿಲ್ಲ, ಆದ್ದರಿಂದ ಆ ಕಡೆಯ ಗೋಡೆಗೆ ಗಾರೆಯೇ ಬಿದ್ದಿರುವುದಿಲ್ಲ. ಬರೀ ಇಟ್ಟಿಗೆ ಅಥವಾ ಬ್ಲಾಕ್. ಮಳೆ ಸಂದಿಗೆ ಬಿದ್ದು ಎರಡೂ ಮನೆಗೆ ಸಮಪಾಲು. ಒಳಗಿನಿಂದ ಏನು ಬಳಿದರೂ ನಿಲ್ಲುವುದಿಲ್ಲ. ಸಂದಿಯ ಬಾಯಿಯನ್ನು ಮೇಲುಗಡೆ ತಗಡು ಹಾಕಿ ಮುಚ್ಚುವುದೊಂದೇ ದಾರಿ. ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕು. ಮಾತು ಬಿಟ್ಟಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಕಾಫಿಗೆ ಕರೆಯಿರಿ, ವಾಟರ್‌ಪ್ರೂಫಿಂಗ್‌ಗಿಂತ ಅಗ್ಗ.

ಮಲೆನಾಡು, ಕರಾವಳಿಯಲ್ಲಿ ಪಶ್ಚಿಮದ ಗೋಡೆಯನ್ನು ಮೊದಲು ನೋಡಬೇಕು. ಮುಂಗಾರಿನ ಗಾಳಿ ಇರಚಲನ್ನು ತಂದು ಹೊಡೆಯುವುದು ಅಲ್ಲಿಗೇ. ಹಿಂದಿನವರು ಆ ಕಡೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಕೆಂಪುಕಲ್ಲಿನ ಗೋಡೆ ನೀರು ಹೀರಿಕೊಳ್ಳುತ್ತದೆ. ಅಂಥ ಗೋಡೆಗೆ ಹೊರಗಿನ ಗಾರೆ ಗಟ್ಟಿಯಾಗಿರಬೇಕು, ಇಲ್ಲವೇ ಸೂರು ಉದ್ದಕ್ಕೆ ಚಾಚಿರಬೇಕು. ಈಗ ಎರಡೂ ಇಲ್ಲದ ಪೆಟ್ಟಿಗೆಯಂಥ ಮನೆ ಕಟ್ಟಿ, ಆಮೇಲೆ ತಾರಸಿಯ ಮೇಲೆ ಶೀಟ್ ಹಾಕಿಸುತ್ತಾರೆ.

ಪೈಪಿನ ಮೇಲೆ ಅನುಮಾನ ಇದ್ದರೆ

ಹೊರದೇಶದ ವಿಡಿಯೋಗಳಲ್ಲಿ "ಎಲ್ಲಾ ನಲ್ಲಿ ಮುಚ್ಚಿ, ನೀರಿನ ಮೀಟರ್ ತಿರುಗುತ್ತಿದೆಯಾ ನೋಡಿ" ಅನ್ನುತ್ತಾರೆ. ನಮ್ಮ ಬಹುಪಾಲು ಮನೆಗಳಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಮೀಟರ್ ಇರುವುದು ಸಂಪ್‌ಗೆ ನೀರು ಬರುವ ದಾರಿಯಲ್ಲಿ. ಮನೆಯೊಳಗಿನ ಪೈಪಿಗೆ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. ಹಾಗಾಗಿ ನೋಡಬೇಕಾದ್ದು ಟ್ಯಾಂಕನ್ನು.

ಟ್ಯಾಂಕ್ ತುಂಬಿಸಿ. ಮೋಟಾರ್ ಆಫ್ ಮಾಡಿ, ತಾನೇ ಆನ್ ಆಗುವ ಕಂಟ್ರೋಲರ್ ಇದ್ದರೆ ಅದನ್ನೂ ಆಫ್ ಮಾಡಿ. ಎಲ್ಲಾ ನಲ್ಲಿ ಮುಚ್ಚಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ರಾತ್ರಿ ಮಲಗಿ ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಸೋರಿಕೆ ಗೊತ್ತಾಗುತ್ತದೆ, ಸಣ್ಣದು ಗೊತ್ತಾಗುವುದಿಲ್ಲ. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿಯಲು ಸುಮಾರು 8 ಲೀಟರ್ ಹೋಗಬೇಕು. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ಹೋಗುವುದೇ ಸುಮಾರು 4 ಲೀಟರ್. ಹಾಗಾಗಿ ಎರಡು ದಿನ ಊರಿಗೆ, ಮದುವೆಗೆ ಹೋಗುವಾಗ ಈ ಪರೀಕ್ಷೆ ಇಟ್ಟುಕೊಳ್ಳಿ. ಬಂದ ಮೇಲೆ ಮಟ್ಟ ಇಳಿದಿದ್ದರೆ ಇನ್ನೊಂದು ಸಲ ಟ್ಯಾಂಕಿನಿಂದ ಇಳಿಯುವ ಗೇಟ್ ವಾಲ್ವ್ ಮುಚ್ಚಿ ಅದನ್ನೇ ಮಾಡಿ. ಆಗ ಇಳಿಯದಿದ್ದರೆ ಟ್ಯಾಂಕ್ ಸರಿ ಇದೆ, ತಪ್ಪು ಕೆಳಗಿನ ಪೈಪಿನಲ್ಲಿದೆ.

ಅದಕ್ಕೂ ಮುಂಚೆ ಫ್ಲಶ್ ಟ್ಯಾಂಕನ್ನು ಪಟ್ಟಿಯಿಂದ ತೆಗೆದುಹಾಕಿ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಅದಕ್ಕೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡ್‌ಗೆ ನೀಲಿ ಬಂದರೆ ನೀರು ಅಲ್ಲೇ ಹೋಗುತ್ತಿದೆ, ಗೋಡೆಗಲ್ಲ.

ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಇನ್ನೂ ಸುಲಭ. ನಡುರಾತ್ರಿ ಯಾರೂ ನಲ್ಲಿ ಬಿಡದಿದ್ದರೂ ಪಂಪ್ ಗುರ್ ಅಂತ ಆನ್ ಆಗಿ ನಿಲ್ಲುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಸೋಲಾರ್‌ನಿಂದ ಬರುವ ಬಿಸಿನೀರಿನ ಪೈಪ್ ಸೋರುತ್ತಿದ್ದರೆ ಕಲೆಯ ಜಾಗ ಸಂಜೆ ಹೊತ್ತು ಬೆಚ್ಚಗಿರುತ್ತದೆ. ಕೈಯ ಹಿಂಭಾಗ ಇಟ್ಟರೆ ಸಾಕು. ಪೈಪಿನದ್ದೇ ಅಂತ ಅನ್ನಿಸಿದ ಮೇಲೆ ಪ್ಲಂಬರ್‌ಗೆ ಒತ್ತಡ ಪರೀಕ್ಷೆ ಮಾಡಲು ಹೇಳಿ. ನಲ್ಲಿಗಳನ್ನು ಬಿಚ್ಚಿ, ಬಾಯಿಗಳಿಗೆ ಬಿರಡೆ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುತ್ತದಾ ನೋಡುತ್ತಾರೆ. ಬಿಸಿನೀರಿನ ಲೈನ್ ಬೇರೆ, ತಣ್ಣೀರಿನ ಲೈನ್ ಬೇರೆ ಮಾಡಿಸಿ. ಈ ಪರೀಕ್ಷೆ ಮಾಡದೆ ಟೈಲ್ಸ್ ಒಡೆಯಲು ಸುತ್ತಿಗೆ ಎತ್ತುವವರನ್ನು ವಾಪಸ್ ಕಳಿಸಿ.

ಸಂಪ್ ಮರೆಯಬೇಡಿ. ಪೋರ್ಟಿಕೋ ಕೆಳಗೆ, ಹಾಲ್‌ನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಒಂದು ದಿನ ನೀರು ತುಂಬಿಸದೆ, ಎತ್ತದೆ ಮಟ್ಟ ನೋಡಿ. ಇಳಿದರೆ ಸೋರುತ್ತಿದೆ. ಮಳೆಗಾಲದಲ್ಲಿ ಮಟ್ಟ ಏರಿದರೆ ಇನ್ನೂ ಕೆಟ್ಟದು, ಹೊರಗಿನ ನೀರು ಒಳಗೆ ಬರುತ್ತಿದೆ. ಹತ್ತಿರದಲ್ಲಿ ಒಳಚರಂಡಿ ಚೇಂಬರ್ ಇದ್ದರೆ ಆ ನೀರನ್ನು ಕುಡಿಯುವುದು, ಅಡುಗೆಗೆ ಬಳಸುವುದು ಅವತ್ತೇ ನಿಲ್ಲಿಸಿ.

ಬಚ್ಚಲುಮನೆ, ಮತ್ತು ನಮ್ಮ ಕಲೆಯ ಕಥೆ

ಅಮ್ಮ ಕೇಳಿದ ದಿನವೇ ನಾನು ಪೆನ್ಸಿಲ್ ಹಿಡಿದೆ. ಟ್ಯಾಂಕ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೆ ಪೆನ್ಸಿಲ್ ಗೆರೆ ಪ್ರತಿದಿನ ಮಧ್ಯಾಹ್ನದ ಹೊತ್ತಿಗೆ ಒಂದು ಬೆರಳು ಮುಂದೆ ಸರಿಯುತ್ತಿತ್ತು, ರಾತ್ರಿ ನಿಲ್ಲುತ್ತಿತ್ತು. ಅಕ್ಕನ ಮಕ್ಕಳು ಊರಿಗೆ ಹೊರಟ ಮೇಲೆ ಪೂರ್ತಿ ನಿಂತಿತು. ಒಂದು ವಾರದಲ್ಲಿ ಕಲೆ ಕುಗ್ಗತೊಡಗಿತು.

ಆ ಗೋಡೆಯ ಆಚೆ ಬದಿಗೆ ಬಚ್ಚಲುಮನೆ. ನಾವು ಅದನ್ನು ದಿನಾ ಬಳಸುತ್ತೇವೆ. ಹಾಗಾದರೆ ನಾವು ಮೂವರು ಸ್ನಾನ ಮಾಡಿದಾಗ ಯಾಕೆ ಒದ್ದೆಯಾಗುವುದಿಲ್ಲ? ಇದಕ್ಕೆ ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನಾವು ಮನೆಯವರು ಬಕೆಟ್ಟು, ಚೊಂಬಿನವರು. ಆ ಶವರ್ ತಿರುಗಿಸುವುದು ನೆಂಟರ ಮಕ್ಕಳು ಮಾತ್ರ. ದಸರೆಗೆ ಮನೆ ತುಂಬ ಜನ ಇದ್ದರು. ಬೇಸಿಗೆ ರಜೆಗೆ ಮತ್ತೆ ಬಂದರು.

ಬಚ್ಚಲನ್ನು ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದೇ ಜಾಗಕ್ಕೆ ನೀರು ಹೋಗಬೇಕು. ಎಲ್ಲಕ್ಕೂ ಮೊದಲು ಮೂರು ನಾಲ್ಕು ದಿನ ಅದನ್ನು ಬಳಸಬೇಡಿ, ಕಲೆ ಒಂದು ಕಡೆ ನಿಲ್ಲಲಿ. ಆಮೇಲೆ ನೆಲ. ನೀರು ಹೋಗುವ ಜಾಲಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಡಿ. ನೀರು ಇಳಿದರೆ, ಅಥವಾ ಪಕ್ಕದ ಗೋಡೆಯ ಬುಡವೋ ಕೆಳಮನೆಯ ಸೀಲಿಂಗೋ ನೆನೆದರೆ ದೋಷ ನೆಲದ್ದು. ಹೆಚ್ಚಾಗಿ ಜಾಲಿಯ ಸುತ್ತಲಿನ ಸಂದು, ಇಲ್ಲವೇ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಹೋಗಿರುತ್ತದೆ. ನೀರು ಕಟ್ಟಿದಾಗ ಏನೂ ಆಗದೆ, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ನೆನೆದರೆ ಜಾಲಿಯ ಕೆಳಗಿನ ಹೊರಹೋಗುವ ಪೈಪ್ ಸೋರುತ್ತಿದೆ. ಈ ಎರಡರ ವ್ಯತ್ಯಾಸ ಗೊತ್ತಾದರೆ ಇಡೀ ನೆಲ ಒಡೆಸುವ ಖರ್ಚು ತಪ್ಪಬಹುದು.

ನಮ್ಮದರಲ್ಲಿ ನೆಲ ಪಾಸ್ ಆಯಿತು. ಮುಂದಿನದು ಶವರ್. ಅದರ ತಲೆಗೆ ಉದ್ದನೆಯ ಪ್ಲಾಸ್ಟಿಕ್ ಚೀಲ ಕಟ್ಟಿ, ಚೀಲದ ತುದಿ ಕತ್ತರಿಸಿ ಬಕೆಟ್ಟಿಗೆ ಇಳಿಬಿಟ್ಟೆ. ಗೋಡೆಗಾಗಲಿ ನೆಲಕ್ಕಾಗಲಿ ಒಂದು ಹನಿ ಬೀಳದ ಹಾಗೆ ನಾಲ್ಕು ಬಕೆಟ್ ನೀರು ತುಂಬಿಸಿದೆ. ಮಾರನೆಯ ಬೆಳಿಗ್ಗೆ ಕಲೆ ಗೆರೆಯಿಂದ ಎರಡು ಬೆರಳು ಆಚೆ ಬಂದಿತ್ತು.

ಟೈಲ್ಸ್ ಸಂದಿನ ದೋಷ ಆಗಿದ್ದರೆ ಗೋಡೆಗೆ ನೀರು ಬೀಳದೆ ಇದು ಆಗುತ್ತಿರಲಿಲ್ಲ. ಅಂದರೆ ತಪ್ಪು ಶವರ್‌ಗೆ ಹೋಗುವ ಪೈಪಿನೊಳಗೆ. ಈ ಪೈಪಿನ ಸ್ವಭಾವ ಬೇರೆ ಪೈಪಿನಂತಲ್ಲ. ಮಿಕ್ಸರ್ ನಲ್ಲಿಯ ನಂತರದ ಭಾಗ ಅದು. ಶವರ್ ತಿರುಗಿಸಿದಾಗ ಮಾತ್ರ ಅದರಲ್ಲಿ ನೀರು. ಹಾಗಾಗಿ ಟ್ಯಾಂಕ್ ಪರೀಕ್ಷೆಯಲ್ಲೂ, ಮಿಕ್ಸರ್ ಮುಚ್ಚಿ ಮಾಡುವ ಒತ್ತಡ ಪರೀಕ್ಷೆಯಲ್ಲೂ ಅದು ಸಿಕ್ಕಿಬೀಳುವುದಿಲ್ಲ. ಪ್ಲಂಬರ್ ಶವರ್ ತೋಳನ್ನು ತಿರುಗಿಸಿ ಬಿಚ್ಚಿದರು. ಗೋಡೆಯೊಳಗಿನ ಎಲ್ಬೋಗೆ (ಪೈಪಿನ ಮೂಲೆ ತುಂಡಿಗೆ) ಅದರ ತಿರುಪಿನ ಮರೆ ಅರ್ಧದಷ್ಟೇ ಕೂತಿತ್ತು, ಟೆಫ್ಲಾನ್ ಟೇಪ್ ಹೆಸರಿಗೆ ಒಂದು ಸುತ್ತು. ತೋಳಿನ ಸುತ್ತಲಿನ ಹೊಳೆಯುವ ಬಿಲ್ಲೆ ಎಲ್ಲವನ್ನೂ ಮುಚ್ಚಿಕೊಂಡು ಕೂತಿತ್ತು. ಉದ್ದ ಮರೆಯ ಹೊಸ ತೋಳು, ಹತ್ತು ಸುತ್ತು ಟೇಪ್, ಕೂಲಿ ಎಲ್ಲಾ ಸೇರಿ 650 ರೂಪಾಯಿ.

ಶವರ್ ಕೂಡ ಪಾಸ್ ಆಗಿದ್ದರೆ ಕೊನೆಯ ಸರದಿ ಟೈಲ್ಸ್ ಗೋಡೆಯದು. ಚೊಂಬಿನಿಂದ ಗೋಡೆಗೆ ಮಾತ್ರ ಎರಚಿ ನೋಡಬೇಕು. ಅದರಲ್ಲಿ ಸಿಕ್ಕರೆ ಸಂದುಗಳ ಹಳೆಯ ಗ್ರೌಟ್ ಕೆರೆದು ಹೊಸದು ತುಂಬಿಸಿದರೆ ಬಹಳ ಸಲ ಸಾಕಾಗುತ್ತದೆ.

ಗೋಡೆಯ ಬುಡದ ಥಂಡಿ

ನೆಲದಿಂದ ಏರುವ ಥಂಡಿಯನ್ನು ದೂರದಿಂದಲೇ ಗುರುತಿಸಬಹುದು. ಮೊಣಕಾಲಿನಿಂದ ಮೂರಡಿ ಎತ್ತರದವರೆಗೆ, ಗೋಡೆಯುದ್ದಕ್ಕೂ ಪಟ್ಟಿಯ ಹಾಗೆ. ಮೇಲಂಚಿನಲ್ಲಿ ಬಿಳಿ ಉಪ್ಪು. ಕೈಯಾಡಿಸಿದರೆ ಪುಡಿಪುಡಿ, ಬಣ್ಣ ಹಪ್ಪಳದಂತೆ ಏಳುತ್ತದೆ. ಗೋಡೆ ಸವಳು ಕಾರುತ್ತಿದೆ ಅನ್ನುತ್ತಾರಲ್ಲ, ಅದೇ. ತಳಪಾಯದ ಮೇಲೆ ಡಿಪಿಸಿ ಪದರ (ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರ) ಹಾಕದೆ ಇದ್ದರೆ, ಅಥವಾ ಅದು ಒಡೆದಿದ್ದರೆ ಹೀಗಾಗುತ್ತದೆ.

ಆದರೆ ಡಿಪಿಸಿಯನ್ನು ಬೈಯುವ ಮುಂಚೆ ಹೊರಗೆ ಹೋಗಿ ನೋಡಿ. ಹೊರಗಿನ ನೆಲ ಡಿಪಿಸಿಗಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿರುತ್ತಾರೆ, ದಿನಾ ನೀರೂ ಹಾಕುತ್ತಾರೆ. ಕಾಂಪೌಂಡಿನೊಳಗೆ ಹಳೆ ನೆಲದ ಮೇಲೇ ಹೊಸ ಟೈಲ್ಸ್ ಹಾಕಿಸಿ ಎತ್ತರ ಮಾಡಿರುತ್ತಾರೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಹಳೆ ಮನೆಗಳು ತಗ್ಗಿಗೆ ಹೋಗಿರುತ್ತವೆ. ಪಾತಿ ತೆಗೆಸಿ ಒಂದು ಬೇಸಿಗೆ ಬಿಟ್ಟು ನೋಡಿ. ಒಳಗಡೆ ಥಂಡಿ ಕಾಣಬಾರದು ಅಂತ ಮೂರಡಿ ಟೈಲ್ಸ್ ಅಂಟಿಸುವುದು ಮಾತ್ರ ಬೇಡ. ಆರಲು ದಾರಿ ಇಲ್ಲದ ನೀರು ಇನ್ನೂ ಮೇಲೆ ಹತ್ತಿ ಟೈಲ್ಸ್ ತಲೆಯ ಮೇಲೆ ಕಾಣಿಸಿಕೊಳ್ಳುತ್ತದೆ. ವಾಟರ್‌ಪ್ರೂಫ್ ಬಣ್ಣದ್ದೂ ಅದೇ ಹಣೆಬರಹ.

ಧಾರವಾಡ, ಗದಗ, ವಿಜಯಪುರದ ಕಡೆ ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಬಿರುಕನ್ನೂ ಜೊತೆಗೇ ನೋಡಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸೆಟೆದು ಬಿರಿಯುತ್ತದೆ, ತಳಪಾಯ ಅದರ ಜೊತೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಓಡುತ್ತದೆ, ಮಳೆ ನೀರು ಅದರೊಳಗೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಅಡ್ಡಗೆರೆ, ತಾರೀಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಉದ್ದ ಆಗದಿದ್ದರೆ ತುಂಬಿಸಿ. ಆಗುತ್ತಲೇ ಇದ್ದರೆ ತುಂಬಿಸಿ ಪ್ರಯೋಜನವಿಲ್ಲ.

ಇಲ್ಲಿಗೆ ನಿಲ್ಲಿಸಿ, ಎಂಜಿನಿಯರ್ ಕರೆಸಿ

ಸೀಲಿಂಗಿನಲ್ಲಿ ಕಂದು ತುಕ್ಕಿನ ಗೆರೆ ಕಂಡರೆ, ಕಾಂಕ್ರೀಟ್ ಚಕ್ಕೆ ಬಿದ್ದು ಕಂಬಿ ಕಾಣುತ್ತಿದ್ದರೆ, ತೊಲೆಯಲ್ಲಿ ಬಿರುಕಿದ್ದರೆ, ಬಿರುಕಿನೊಳಗೆ ನಾಣ್ಯ ತೂರುವಂತಿದ್ದರೆ ಮನೆಮದ್ದು ಅಲ್ಲಿಗೇ ನಿಲ್ಲಿಸಿ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ, ಒಡೆದಲ್ಲಿ ಇನ್ನಷ್ಟು ನೀರು ಹೋಗುತ್ತದೆ. ಅದರ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆಸುವುದು ಅಪಾಯ. ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅವರು ಬರುವವರೆಗೆ ಆ ಕೆಳಗೆ ಯಾರೂ ಮಲಗುವುದು ಬೇಡ.

ಬಣ್ಣಕ್ಕೆ ಅವಸರ ಬೇಡ

ಸೋರಿಕೆ ನಿಂತ ಮಾರನೆಯ ದಿನವೇ ಪೇಂಟರ್ ಬರುತ್ತೇನೆ ಅನ್ನುತ್ತಾರೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಪೂರ್ತಿ ಆರಲು ವಾರಗಳು, ಕೆಲವು ಸಲ ತಿಂಗಳುಗಳೇ ಬೇಕು. ಸಡಿಲವಾದ ಪುಟ್ಟಿ, ಟೊಳ್ಳಾದ ಗಾರೆ ಕೆತ್ತಿಸಿ ಹಾಗೇ ಬಿಡಿ, ಬೇಗ ಆರುತ್ತದೆ. ಉಪ್ಪು ಬಂದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಫಾಯಿಲ್ ಇನ್ನೊಮ್ಮೆ ಅಂಟಿಸಿ, ಗೋಡೆಯ ಕಡೆಯ ಮುಖ ಒಣಗಿದ್ದರೆ ಆಗ ಪೇಂಟರ್‌ಗೆ ಫೋನ್ ಮಾಡಿ.

ನಾವು ಇನ್ನೂ ಸ್ವಲ್ಪ ಜಾಸ್ತಿ ಕಾದೆವು. ಮುಂದಿನ ದಸರೆಯವರೆಗೆ ಆ ಗೋಡೆ ಗೆರೆ, ತಾರೀಕು, ಕೆತ್ತಿದ ಗಾಯಗಳ ಸಮೇತ ಹಾಗೇ ಇತ್ತು. ಅಮ್ಮ ಅದರ ಮೇಲೇ ಕ್ಯಾಲೆಂಡರ್ ತೂಗುಹಾಕಿ ಮುಚ್ಚಿದ್ದರು. ಅಕ್ಕನ ಮಕ್ಕಳು ಬಂದು ಐದು ದಿನ ಮನಸಾರೆ ಶವರ್ ಬಿಟ್ಟರು. ಜಂಬೂ ಸವಾರಿಯ ಮಾರನೆಯ ದಿನ ಕ್ಯಾಲೆಂಡರ್ ಎತ್ತಿ ನೋಡಿದೆವು. ಗೆರೆಯ ಒಳಗೂ ಒಣಗಿತ್ತು. ಅವತ್ತು ಪೇಂಟರ್‌ಗೆ ಹೇಳಿ ಕಳಿಸಿದೆ.